ಸತ್ತವರ ರುಚಿ ಬಲ್ಲ ಅಜ್ಜಿ

ನಮ್ಮ ಅಜ್ಜಿಯ ಕೈಯಲ್ಲಿ ನಿಮಗೆ ಇಷ್ಟವಾದ ಅಡುಗೆ ಮಾಡಿಸಿಕೊಂಡು ಉಣ್ಣಬೇಕೆಂಬ ಆಸೆ ಇದ್ದರೆ ಅದಕ್ಕೆ ಒಂದೇ ಒಂದು ದಾರಿಯಿತ್ತು. ಮೊದಲು ನೀವು ಸಾಯಬೇಕಿತ್ತು!

ತಮಾಷೆಗೆ ಹೇಳುತ್ತಿಲ್ಲ. ಬದುಕಿರುವವರ ಬಾಯಿರುಚಿಯ ಬಗ್ಗೆ ಅಜ್ಜಿಗೆ ಎಳ್ಳಷ್ಟೂ ಗೌರವವಿರಲಿಲ್ಲ. ಇವತ್ತು ಏನು ಸಾರು ಅಂತ ಕೇಳಿದರೆ, ಒಲೆ ಮೇಲೆ ಏನಿದೆಯೋ ಅದು ಅನ್ನುವಳು. ಹಾಗಲಕಾಯಿ ನನಗೆ ಸೇರುವುದಿಲ್ಲ ಅಂದರೆ, ನೀನೂ ಅದಕ್ಕೆ ಸೇರುವುದಿಲ್ಲವಂತೆ, ಇಬ್ಬರೂ ಸುಮ್ಮನೆ ಹೊಂದಿಕೊಂಡು ಹೋಗಿ ಅನ್ನುವಳು. ಆದರೆ ಅದೇ ಮನುಷ್ಯ ಒಂದು ಸಲ ಕಣ್ಣು ಮುಚ್ಚಿದ ಅಂದರೆ ಮುಗಿಯಿತು. ಅವನಿಗೆ ಸಾರಿಗೆ ಎಷ್ಟು ಹುಳಿ ಬೇಕು, ಮುದ್ದೆ ಗಟ್ಟಿಯಿರಬೇಕೋ ಮೆತ್ತಗಿರಬೇಕೋ, ಈರುಳ್ಳಿಯನ್ನು ಹೆಚ್ಚಿ ಕೊಡಬೇಕೋ ಗುದ್ದಿ ಕೊಡಬೇಕೋ, ಎಲ್ಲ ಅಜ್ಜಿಗೆ ಬಾಯಿಪಾಠ. ಓದುಬರಹ ಬಾರದ ಆಕೆಯ ತಲೆಯೊಳಗೆ ನಮ್ಮ ಮನೆತನದ ಸತ್ತವರ ನಾಲಿಗೆಗಳೆಲ್ಲ ಸಾಲಾಗಿ ಜೋಡಿಸಿಟ್ಟ ಹಾಗೆ ಇದ್ದವು.

ಇದೆಲ್ಲ ಹೊರಕ್ಕೆ ಬರುತ್ತಿದ್ದದ್ದು ಪಕ್ಷದ ಹಬ್ಬದ ದಿನ. ಶಾಂತಿಗ್ರಾಮದಿಂದ ಒಳಕ್ಕೆ ಎರಡು ಮೈಲಿ ನಡೆದರೆ ಸಿಗುವ ಊರು ನಮ್ಮದು. ನಮ್ಮ ಕಡೆ ಪಕ್ಷದ ಹಬ್ಬವೆಂದರೆ ಹಿರಿಯರ ಹಬ್ಬ. ಮಹಾಲಯ ಅಮಾವಾಸ್ಯೆಗೆ, ಮನೆಯಲ್ಲಿ ತೀರಿಕೊಂಡವರಿಗೆ ಅವರವರು ಇಷ್ಟಪಡುತ್ತಿದ್ದದ್ದನ್ನೇ ಮಾಡಿ ಬಾಳೆಎಲೆಯಲ್ಲಿ ಎಡೆ ಇಡಬೇಕು. ಅವರು ಬಂದು ಉಂಡುಹೋದ ಮೇಲೆ ನಾವು ಉಣ್ಣಬೇಕು. ಎಲ್ಲರ ಮನೆಯಲ್ಲೂ ಒಂದು ಕೋಳಿಯೋ ಒಂದಿಷ್ಟು ಮಾಂಸವೋ, ನಾಲ್ಕು ವಡೆ, ಒಂದು ಪಾಯಸ ಮಾಡಿ, ಎಲ್ಲ ಹಿರಿಯರಿಗೂ ಒಂದೇ ಅಡುಗೆಯಲ್ಲಿ ಕೈ ಮುಗಿದು ಮುಗಿಸುತ್ತಿದ್ದರು. ನಮ್ಮ ಮನೆಯಲ್ಲಿ ಹಾಗೆ ಮಾಡುವ ಹಾಗಿರಲಿಲ್ಲ. ಮೂವರು ಸತ್ತಿದ್ದರೆ ಮೂರು ಅಡುಗೆ!

ಮೊದಲನೆಯವರು ಮುತ್ತಾತ, ಅಂದರೆ ಅಜ್ಜಿಯ ಮಾವ. ಅವರಿಗೆ ಹುರುಳಿಕಾಳಿನ ಬಸ್ಸಾರು ಬೇಕು, ಅದೂ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುವಷ್ಟು ಖಾರವಾಗಿ ಬೇಕು. ಎಡೆ ಇಟ್ಟ ಮೇಲೆ ಅದನ್ನು ಉಣ್ಣಬೇಕಾದವರು ನಾವು ತಾನೇ? ಹಬ್ಬದ ದಿನ ನಮ್ಮ ಮನೆಗೆ ಯಾರಾದರೂ ಹೊಸಬರು ಬಂದರೆ, ಸಾಲಾಗಿ ಕೂತು ಕಣ್ಣೀರು ಸುರಿಸುತ್ತಾ ಉಣ್ಣುತ್ತಿದ್ದ ನಮ್ಮನ್ನು ನೋಡಿ, ಹಿರಿಯರ ಮೇಲೆ ಈ ಮನೆಯವರಿಗೆ ಎಷ್ಟೊಂದು ಪ್ರೀತಿ ಅಂದುಕೊಳ್ಳುತ್ತಿದ್ದರು.

ಎರಡನೆಯವರು ಮುತ್ತಜ್ಜಿ, ಅಜ್ಜಿಯ ಅತ್ತೆ. ಆಕೆಗೆ ಕೊನೆಗಾಲದಲ್ಲಿ ಒಂದು ಹಲ್ಲೂ ಇರಲಿಲ್ಲ. ಹಾಗಾಗಿ ಆಕೆಯ ಪಾಲಿನ ಕಜ್ಜಾಯವನ್ನು ಬೆಳಿಗ್ಗೆಯಿಂದಲೇ ಹಾಲಲ್ಲಿ ನೆನೆಹಾಕಿ ಅಂಬಲಿ ಮಾಡಿಡಬೇಕು. ಘಮಘಮ ಅನ್ನುವ ಕಜ್ಜಾಯ, ತುಪ್ಪದಲ್ಲಿ ಕರಿದದ್ದು, ಮೇಲೆ ಗಸಗಸೆ ಬೇರೆ. ಅದನ್ನು ಹಾಲಿಗೆ ಹಾಕುವಾಗ ನನ್ನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಈ ಮುತ್ತಜ್ಜಿ ಬದುಕಿದ್ದಷ್ಟು ದಿನವೂ ಸೊಸೆಯ ಅಡುಗೆಯನ್ನು ಒಂದು ದಿನಕ್ಕೂ ಚೆನ್ನಾಗಿದೆ ಅಂದವರಲ್ಲವಂತೆ. ಉಪ್ಪು ಜಾಸ್ತಿ, ಇಲ್ಲದಿದ್ದರೆ ಉಪ್ಪು ಕಡಿಮೆ, ಎರಡೂ ಸರಿಯಿದ್ದರೆ ಬಡಿಸಿದ ಕೈ ಸರಿಯಿಲ್ಲ. ಅಂಥವರಿಗೆ ಯಾಕೆ ಇಷ್ಟೊಂದು ಮುತುವರ್ಜಿ ಅಂತ ನಾನು ಒಮ್ಮೆ ಕೇಳಿದೆ. ಅಜ್ಜಿ ಕಜ್ಜಾಯ ತಟ್ಟುವುದನ್ನು ನಿಲ್ಲಿಸದೆ ಹೇಳಿದಳು:

"ಇದ್ದಾಗಂತೂ ಅನ್ನಲಿಲ್ಲ. ಇವತ್ತಾರ ಅಂದಾರು ಅಂತ ಕಣ್ ಕೂಸೆ."

ಎಡೆ ಇಟ್ಟಾದ ಮೇಲೆ ಸಾಂಬ್ರಾಣಿ ಹಾಕಿ, ನಡುಮನೆಯ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡು ನಾವೆಲ್ಲ ಜಗಲಿಯ ಮೇಲೆ ಕೂತು ಕಾಯಬೇಕು. ಒಳಗೆ ಅವರು ಬಂದು ಉಣ್ಣುತ್ತಿರುತ್ತಾರೆ, ನೋಡಬಾರದು. ಬೇರೆ ಮನೆಗಳಲ್ಲಿ ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕಾದು, ಬಾಗಿಲು ತಟ್ಟಿ ಒಳಕ್ಕೆ ಹೋಗುತ್ತಿದ್ದರು. ನಮ್ಮ ಮನೆಯಲ್ಲಿ ನೆರಳು ಜಗಲಿಯ ಈ ತುದಿಯಿಂದ ಆ ತುದಿಗೆ ಹೋದರೂ ಬಾಗಿಲು ತೆಗೆಯುತ್ತಿರಲಿಲ್ಲ. ಅಪ್ಪ ಹಸಿವು ತಡೆಯಲಾರದೆ, ಇನ್ನೂ ಆಗಲಿಲ್ಲವೇ ಅಂತ ಕೇಳಿದರೆ ಅಜ್ಜಿ ಬಾಗಿಲಿಗೆ ಕಿವಿಯಿಟ್ಟು ಕೇಳಿ, ತಲೆಯಾಡಿಸುತ್ತಿದ್ದಳು. "ಅತ್ತೆ ನಿಧಾನ ಕಣ್ಲಾ. ಹಲ್ಲಿಲ್ಲ." ಸತ್ತು ಹದಿನೈದು ವರ್ಷವಾದರೂ ಹಲ್ಲಿಲ್ಲವೇ ಅಂತ ಅಪ್ಪ ಗೊಣಗುತ್ತಿದ್ದರು. ಅಷ್ಟಾದರೂ ಅಜ್ಜಿ ಬಾಗಿಲು ತೆಗೆಯುತ್ತಿರಲಿಲ್ಲ.

ಮೂರನೆಯವರೇ ನಮ್ಮ ತಾತ, ಅಜ್ಜಿಯ ಗಂಡ. ಇವರದ್ದು ಎಲ್ಲಕ್ಕಿಂತ ದೊಡ್ಡ ರಗಳೆ. ಮಾಂಸದ ಸಾರು, ಮಾಂಸ ಕೊಚ್ಚಿ ಕಟ್ಟಿದ ಕೈಮದ ಉಂಡೆ, ಒತ್ತು ಶಾವಿಗೆ, ಕಾಯಿಹಾಲು, ಇವೆಲ್ಲ ಹೇಗೂ ಇದ್ದವು. ಆದರೆ ತಾತ ಒಂದು ಸಲ ಜಮೀನಿನ ವ್ಯಾಜ್ಯಕ್ಕೆಂದು ಹಾಸನದ ಕೋರ್ಟಿಗೆ ಹೋಗಿದ್ದರಂತೆ. ವ್ಯಾಜ್ಯ ಸೋತರು. ಆ ದುಃಖದಲ್ಲಿ ಹೋಟೆಲೊಂದಕ್ಕೆ ಹೋಗಿ ಮಸಾಲೆ ದೋಸೆ ತಿಂದರು. ವ್ಯಾಜ್ಯ ಸೋತದ್ದನ್ನು ಆರೇ ತಿಂಗಳಲ್ಲಿ ಮರೆತರು. ದೋಸೆಯನ್ನು ಸಾಯುವ ತನಕ ಮರೆಯಲಿಲ್ಲ. ಅಂದ ಮೇಲೆ ಎಡೆಗೆ ಮಸಾಲೆ ದೋಸೆ ಬೇಡವೇ? ಅದನ್ನು ಮನೆಯಲ್ಲೇ ಹುಯ್ಯಬಹುದಲ್ಲ ಅಂತ ಅಪ್ಪ ಹೇಳಿದ್ದಕ್ಕೆ, ಅವರು ತಿಂದದ್ದು ಮನೆಯದ್ದಲ್ಲ, ಹಾಸನದ್ದು ಅಂತ ಉತ್ತರ ಬಂತು.

ಹಾಸನದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ಚಿಕ್ಕಪ್ಪನಿಗೆ ಈ ದೋಸೆ ತರುವ ಕೆಲಸ ಗಂಟುಬಿತ್ತು. ನಯಾಪೈಸೆ ಬಳಕೆಗೆ ಬಂದ ಹೊಸತು, ಬಸ್ಸುಗಳೇ ಅಪರೂಪ. ಬೆಳಗಿನ ಬಸ್ಸಿನಲ್ಲಿ, ಬಾಳೆಎಲೆಯಲ್ಲಿ ಸುತ್ತಿದ ದೋಸೆಯನ್ನು ತೊಡೆಯ ಮೇಲಿಟ್ಟುಕೊಂಡು, ಚಟ್ನಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬರಬೇಕು. ಪಕ್ಕದಲ್ಲಿ ಕೂತಿದ್ದ ಹಿರೀಸಾವೆಯ ಕಡೆಯವರೊಬ್ಬರು ಒಮ್ಮೆ, ಯಾರಿಗಪ್ಪ ಇಷ್ಟು ಜೋಪಾನವಾಗಿ ತಗೊಂಡು ಹೋಗ್ತಿದ್ದೀಯ ಅಂತ ಮೆಚ್ಚಿ ಕೇಳಿದರಂತೆ. ಚಿಕ್ಕಪ್ಪ, ನಮ್ಮಪ್ಪನಿಗೆ ಅಂದರು. ಈ ಕಾಲದಲ್ಲೂ ಇಂಥ ಮಕ್ಕಳಿದ್ದಾರಲ್ಲ, ಅಪ್ಪ ಗಟ್ಟಿಮುಟ್ಟಾಗಿದ್ದಾರಾ ಅಂತ ಅವರು ಕೇಳಿದರು. ಇಲ್ಲ, ತೀರಿಕೊಂಡು ಆರು ವರ್ಷವಾಯಿತು, ಆದರೂ ಬಿಸಿ ಆರುವ ಮುಂಚೆ ಮುಟ್ಟಿಸಬೇಕು ಅಂದರು ಚಿಕ್ಕಪ್ಪ. ಆ ಮನುಷ್ಯ ಮುಂದಿನ ಸ್ಟಾಪಿನಲ್ಲಿ ಎದ್ದು ಹಿಂದಿನ ಸೀಟಿಗೆ ಹೋಗಿ ಕೂತರಂತೆ.

ಒಂದು ವರ್ಷ ಬಸ್ಸು ದಾರಿಯಲ್ಲಿ ಕೆಟ್ಟುನಿಂತಿತು. ಎರಡು ಗಂಟೆ ಬಿಸಿಲಲ್ಲಿ, ಮೂಗಿನ ಕೆಳಗೇ ಮಸಾಲೆ ದೋಸೆ! ಚಿಕ್ಕಪ್ಪ ಮೊದಲು ಒಂದು ಅಂಚು ಮುರಿದರು. ಆಮೇಲೆ ಇನ್ನೊಂದು ಅಂಚು ಮುರಿದರು. ಹಾಗೆ ಅಂಚುಗಳನ್ನು ಮುರಿಯುತ್ತಾ ಹೋಗಿ, ಮನೆಗೆ ಬರಿಯ ಚಟ್ನಿ ತಂದರು. ಅಜ್ಜಿ ಬೈಯಲಿಲ್ಲ. ಎಡೆ ಮುಗಿದು ನಾವೆಲ್ಲ ಊಟಕ್ಕೆ ಕೂತಾಗ ಚಿಕ್ಕಪ್ಪನ ಎಲೆ ಮಾತ್ರ ಖಾಲಿಯಾಗಿತ್ತು. ಎಲ್ಲಿ ನನ್ನ ಪಾಲು ಅಂತ ಕೇಳಿದರೆ ಅಜ್ಜಿ ತಾತನ ಎಡೆಯ ಕಡೆ ಕೈ ತೋರಿಸಿದಳು. ಅಲ್ಲಿ ಎರಡು ಪಾಲು ಮಾಂಸ, ಎರಡು ಪಾಲು ಶಾವಿಗೆ. "ಅವರದ್ನ ನೀನ್ ಉಂಡೆ. ನಿಂದ್ನ ಅವರು ಉಂಡವ್ರೆ. ಸರೋಯ್ತಲ್ಲ?" ಅಮ್ಮ ಕದ್ದು ಎರಡು ವಡೆ ಕೊಟ್ಟಿದ್ದರಿಂದ ಚಿಕ್ಕಪ್ಪ ಆ ದಿನ ಬದುಕಿದರು.

ಇಂಥ ಅಜ್ಜಿಯ ಹತ್ತಿರ ಒಂದು ಸಲ ನಾನೂ ಆಟ ಆಡಲು ಹೋದೆ. ನನಗೆ ಕೊಬ್ಬರಿ ಮಿಠಾಯಿಯೆಂದರೆ ಪ್ರಾಣ. ಕೇಳಿದರೆ ಮಾಡುವುದಿಲ್ಲ, ಸಾಯಲು ಇನ್ನೂ ಚಿಕ್ಕ ವಯಸ್ಸು. ಹಾಗಾಗಿ ಹಬ್ಬಕ್ಕೆ ವಾರವಿರುವಾಗ, ತಾತ ಕನಸಲ್ಲಿ ಬಂದು ಕೊಬ್ಬರಿ ಮಿಠಾಯಿ ಕೇಳಿದರು ಅಂತ ಒಂದು ಸುಳ್ಳು ಬಿಟ್ಟೆ. ತಾತ ತೀರಿಕೊಂಡಾಗ ನಾನು ತೊಟ್ಟಿಲಲ್ಲಿದ್ದವಳು. ಅಜ್ಜಿ ಕೈಯಲ್ಲಿದ್ದ ಮೊರ ಕೆಳಗಿಟ್ಟು ವಿಚಾರಣೆಗೆ ಶುರುಮಾಡಿದಳು. ಎಲ್ಲಿ ಕೂತಿದ್ದರು? ಗೋಡೆಯ ಹತ್ತಿರ. ಪಂಚೆ ಉಟ್ಟಿದ್ದರಾ? ಉಟ್ಟಿದ್ದರು. ಮೀಸೆ ಇತ್ತಾ? ಇಷ್ಟು ಹೊತ್ತಿಗೆ ನನಗೆ ಧೈರ್ಯ ಬಂದಿತ್ತು. ಇತ್ತು, ಇಷ್ಟು ದಪ್ಪ ಮೀಸೆ ಅಂತ ಕೈಯಲ್ಲಿ ತೋರಿಸಿದೆ.

"ಅವರು ಯಾವತ್ತೂ ಮೀಸೆ ಬುಟ್ಟವ್ರಲ್ಲ," ಅಂದಳು ಅಜ್ಜಿ. "ಅದ್ಯಾರೋ ಬ್ಯಾರೆಯೋರು ಬಂದವ್ರೆ."

ಸಿಕ್ಕಿಬಿದ್ದೆ ಅಂದುಕೊಂಡೆ. ಆದರೆ ಅಜ್ಜಿ, ಪಾಪ, ಯಾರೋ ಎಡೆ ಇಡುವವರಿಲ್ಲದವರು ಮನೆ ತಪ್ಪಿ ಬಂದಿರಬೇಕು, ಬಾಯಿಬಿಟ್ಟು ಕೇಳಿದವರಿಗೆ ಇಲ್ಲ ಅನ್ನಬಾರದು ಅಂದಳು. ಆ ವರ್ಷದಿಂದ ನಡುಮನೆಯ ಹೊಸ್ತಿಲ ಹೊರಗೆ ಒಂದು ಪುಟ್ಟ ಎಲೆ ಹೆಚ್ಚಾಯಿತು. ಗೊತ್ತಿಲ್ಲದ ಆ ಮೀಸೆಯವರಿಗೆ ವರ್ಷಾವರ್ಷ ಕೊಬ್ಬರಿ ಮಿಠಾಯಿ! ಅದನ್ನು ತಿನ್ನುವಾಗ ನನಗೆ ಪ್ರತಿಸಲವೂ ಆ ಸುಳ್ಳು ನೆನಪಾಗುತ್ತಿತ್ತು. ಆದರೂ ಪೂರ್ತಿ ತಿಂದೇ ಏಳುತ್ತಿದ್ದೆ.

ಇಷ್ಟೆಲ್ಲ ದೂರು ಹೇಳಿದ್ದೇನಲ್ಲ, ಹಾಗಂತ ಆ ಊಟ ಸಾಮಾನ್ಯದ್ದು ಅಂದುಕೊಳ್ಳಬೇಡಿ. ಕೊನೆಗೂ ಬಾಗಿಲು ತೆಗೆದಾಗ ನಡುಮನೆಯಿಂದ ಹೊರಕ್ಕೆ ಬರುತ್ತಿದ್ದ ಆ ವಾಸನೆ! ಒರಳುಕಲ್ಲಲ್ಲಿ ರುಬ್ಬಿದ ಮಸಾಲೆ, ಸಾಂಬ್ರಾಣಿ, ಬಾಡಿದ ಬಾಳೆಎಲೆ, ತುಪ್ಪ, ಎಲ್ಲ ಒಟ್ಟಿಗೆ. ಕೈಮದ ಉಂಡೆಯನ್ನು ಶಾವಿಗೆಯ ಮೇಲೆ ಪುಡಿಮಾಡಿ, ಸಾರು ಸುರಿದುಕೊಂಡು, ಮಧ್ಯೆ ಮಧ್ಯೆ ಸಿಹಿಗುಂಬಳದ ಪಲ್ಯ ನೆಕ್ಕುತ್ತಾ ಉಂಡರೆ ಎದ್ದು ಕೈ ತೊಳೆಯಲು ಯಾರಾದರೂ ಹಿಡಿದು ಎಬ್ಬಿಸಬೇಕಿತ್ತು. ಎಡೆಗೆ ಮುಂಚೆ ಬಾಯಿಗಿಡಬಾರದೆಂದು ಅಜ್ಜಿ ಒಂದನ್ನೂ ರುಚಿ ನೋಡುತ್ತಿರಲಿಲ್ಲ. ಆದರೂ ಒಂದು ಕಲ್ಲು ಉಪ್ಪು ಹೆಚ್ಚುಕಡಿಮೆಯಾದದ್ದು ನನಗೆ ನೆನಪಿಲ್ಲ. ಆಕೆ ಯಾವಾಗ ಉಣ್ಣುತ್ತಿದ್ದಳು, ಏನು ಉಣ್ಣುತ್ತಿದ್ದಳು ಅನ್ನುವುದು ಮಾತ್ರ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳಿದರೆ ನಂದಾಯ್ತು ಅನ್ನುವಳು. ನಾವೂ ಆಯಿತೇನೋ ಅಂದುಕೊಳ್ಳುತ್ತಿದ್ದೆವು.

ನಾನು ಶಾಂತಿಗ್ರಾಮದ ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದ ವರ್ಷ ಅಜ್ಜಿಯ ಕೈ ನಡುಗಲು ಶುರುವಾಯಿತು. ಕಜ್ಜಾಯ ತಟ್ಟಿದರೆ ಹರಿದುಹೋಗುತ್ತಿತ್ತು. ಸೌಟು ಹಿಡಿದರೆ ಅರ್ಧ ಸಾರು ಒಲೆಗೆ. ಆ ಸಲದ ಅಡುಗೆ ಅಮ್ಮನ ಪಾಲಿಗೆ ಬಂತು. ಅರಕಲಗೂಡಿನ ಕಡೆಯಿಂದ ಬಂದ ಅಮ್ಮ, ಹನ್ನೆರಡು ವರ್ಷ ಅತ್ತೆಗೆ ಎದುರು ಮಾತಾಡದೆ ಒಲೆಗೆ ಸೌದೆ ಇಟ್ಟುಕೊಂಡೇ ಇದ್ದವಳು. ಹಬ್ಬಕ್ಕೆ ಹದಿನೈದು ದಿನವಿರುವಾಗಲೇ ಅಜ್ಜಿ ಆಕೆಯನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದಳು. ದಿನಾ ಸಂಜೆ ಪರೀಕ್ಷೆ. ಮಾವನ ಬಸ್ಸಾರಿಗೆ ಎಷ್ಟು ಮೆಣಸಿನಕಾಯಿ? ಅತ್ತೆಯ ಕಜ್ಜಾಯ ಎಷ್ಟು ಹೊತ್ತು ನೆನೆಯಬೇಕು? ತಪ್ಪಿದರೆ ಮತ್ತೆ ಮೊದಲಿನಿಂದ. ನಾವು ಪಕ್ಕದಲ್ಲಿ ಕೂತು ನಗುತ್ತಿದ್ದೆವು. ಅಜ್ಜಿ ನಗುತ್ತಿರಲಿಲ್ಲ. ಆಕೆಗೆ ನಿಜವಾದ ಭಯವಿತ್ತು.

"ನಾನಿರೋಗಂಟ ಸರಿ ಕಣವ್ವ," ಅಂದಳು ಒಂದು ದಿನ. "ನಾನ್ ಓದ್ ಮ್ಯಾಲೆ, ಇವ್ರು ಬಂದು ಎಲೆ ಮುಂದೆ ಕೂತ್ಕಂಡು, ಇದ್ಯಾರ ಮನೆ ಊಟ ಅಂತ ಎದ್ದೋಗ್ಬಾರ್ದು."

ಅಮ್ಮ ಎಲ್ಲ ಕಲಿತಳು. ಕಲಿತು ಮುಗಿದ ಸಂಜೆ, ತಲೆ ತಗ್ಗಿಸಿಕೊಂಡೇ ಕೇಳಿದಳು: "ಅತ್ತೆ, ನಿಮ್ಮ ಎಡೆಗೆ ಏನಿಡ್ಲಿ?"

ಬದುಕಿರುವ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ಹೀಗೆ ಕೇಳಿದ ಸೊಸೆಯನ್ನು ನೀವೆಲ್ಲಾದರೂ ಕಂಡಿದ್ದೀರಾ? ಅಪ್ಪ ಕೆಮ್ಮಿದರು. ಆದರೆ ಅಜ್ಜಿಗೆ ಸಿಟ್ಟು ಬರಲಿಲ್ಲ, ಗಲಿಬಿಲಿಯಾಯಿತು. ಏನೋ ಒಂದು ಇಡು ಅಂದಳು. ಅಮ್ಮ ಬಿಡಲಿಲ್ಲ. ಸರಿ, ಕಜ್ಜಾಯ ಇಡು ಅಂದಳು. ಅದು ನಿಮ್ಮ ಅತ್ತೆಯವರದ್ದು ಅಂದಳು ಅಮ್ಮ. ಹುರುಳಿ ಬಸ್ಸಾರು? ಅದು ನಿಮ್ಮ ಮಾವನವರದ್ದು. ಶಾವಿಗೆ, ಕಾಯಿಹಾಲು? ಅದು ನಮ್ಮ ಮಾವನವರದ್ದು. ಅಜ್ಜಿ ಯೋಚಿಸಿದಳು, ಯೋಚಿಸಿದಳು, ಯಾವುದನ್ನು ಹಿಡಿದರೂ ಅದು ಇನ್ನೊಬ್ಬರದ್ದಾಗಿತ್ತು. ನಮಗೆ ಯಾರಿಗೂ ನಗು ಬರಲಿಲ್ಲ. ಇಷ್ಟು ವರ್ಷ ಆಕೆಯ ಕೈಯಲ್ಲಿ ಉಂಡ ನನಗೆ, ಆಕೆಗೆ ಏನಿಷ್ಟ ಅಂತ ಒಂದು ಸಲವೂ ಕೇಳಬೇಕೆನ್ನಿಸಿರಲಿಲ್ಲವಲ್ಲ ಅಂತ ನಾಚಿಕೆಯಾಯಿತು.

ಕೊನೆಗೆ ಅಜ್ಜಿ ಸಣ್ಣ ದನಿಯಲ್ಲಿ, ಮೀನು ಅಂದಳು.

ಅಜ್ಜಿಯ ತವರು ಹೊಳೆನರಸೀಪುರದ ಹತ್ತಿರ, ಹೇಮಾವತಿಯ ದಡದಲ್ಲೇ. ಮದುವೆಗೆ ಮುಂಚೆ ಆಕೆಯ ಅಪ್ಪ ಹೊಳೆಯಿಂದ ಮೀನು ಹಿಡಿದು ತಂದರೆ, ಹುಣಸೆಹುಳಿ ಹಾಕಿ ಮಡಕೆಯಲ್ಲಿ ಸಾರು ಮಾಡುತ್ತಿದ್ದರಂತೆ. ತಲೆಯ ತುಂಡು ಮಗಳಿಗೇ ಅಂತ. ಇಲ್ಲಿಗೆ ಬಂದ ವಾರಕ್ಕೇ, ತನಗೆ ಮೀನಿನ ವಾಸನೆ ಆಗುವುದಿಲ್ಲ, ಈ ಮನೆಗೆ ಅದು ಬರಕೂಡದು ಅಂತ ತಾತ ಹೇಳಿಬಿಟ್ಟರು. ತವರಿಗೆ ಹೋದಾಗಲಾದರೂ ತಿನ್ನಬಹುದಿತ್ತಲ್ಲ ಅಂತ ಅಮ್ಮ ಕೇಳಿದಳು. ಮೈಯಲ್ಲಿ ವಾಸನೆ ಉಳಿಯುತ್ತದೆ ಅನ್ನುತ್ತಿದ್ದರು ಅಂದಳು ಅಜ್ಜಿ. ದೂರುವ ದನಿಯಲ್ಲಲ್ಲ, ಯಾರದೋ ಬಸ್ಸಾರಿನ ಖಾರದ ವಿಷಯ ಹೇಳುವ ಹಾಗೆ ಹೇಳಿದಳು.

ಹಬ್ಬದ ದಿನ ಬೆಳಿಗ್ಗೆ ಅಪ್ಪ ಕಾಣಲಿಲ್ಲ. ಹೊತ್ತೇರಿದ ಮೇಲೆ ಒದ್ದೆ ಗೋಣಿತಾಟಿನಲ್ಲಿ ಏನನ್ನೋ ಸುತ್ತಿಕೊಂಡು ಹೊಳೆನರಸೀಪುರದಿಂದ ಬಂದು, ನೇರ ಹಿತ್ತಲಿಗೆ ಹೋದರು. ಹಿತ್ತಲಲ್ಲಿ ಅಮ್ಮ ಮೂರು ಕಲ್ಲಿಟ್ಟು ಒಲೆ ಹೂಡಿದ್ದಳು. ತೊಂದರೆಯೆಂದರೆ ನಮ್ಮ ಮನೆಯಲ್ಲಿ ಯಾರಿಗೂ ಮೀನು ತೊಳೆಯಲು ಬರುತ್ತಿರಲಿಲ್ಲ. ವಾಸನೆ ಹೋಗಲಿ ಅಂತ ಅಮ್ಮ ಅದಕ್ಕೆ ಸೀಗೆಪುಡಿ ಹಚ್ಚಿ ಉಜ್ಜಲು ಹೊರಟಿದ್ದಳು! ಬಚ್ಚಲ ಕಡೆ ಬಂದ ಅಜ್ಜಿ ಇದನ್ನು ಕಂಡು, ಏನಿದು ಎತ್ತ ಅಂತ ಕೇಳುವುದನ್ನೂ ಮರೆತು, ಮೀನಿಗೆ ತಲೆಸ್ನಾನ ಮಾಡಿಸುತ್ತೀಯಾ ಅಂತ ಅದನ್ನು ಕಿತ್ತುಕೊಂಡಳು. ಒಲೆಯ ಬೂದಿ ಹಚ್ಚಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಉಜ್ಜಿ, ನಡುಗುವ ಕೈಯಲ್ಲೇ ಹುರುಪೆ ತೆಗೆದು ತುಂಡು ಮಾಡಿಕೊಟ್ಟಳು. ಕೈ ತೊಳೆದ ಮೇಲೆ ಆಕೆಗೆ ದಿನ ಯಾವುದು ಅನ್ನುವುದು ನೆನಪಾಯಿತು.

"ಇವತ್ತು ಅವರು ಬರೋ ದಿನ ಕಣೆ. ವಾಸ್ನೆಗೆ ಬಾಗ್ಲಿಂದ್ಲೇ ತಿರುಗೋದ್ರೆ?"

ಅಮ್ಮ ಹುಣಸೆಹಣ್ಣು ಕಿವುಚುತ್ತಿದ್ದಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಆಕೆ ಅತ್ತೆಗೆ ಎದುರು ಮಾತಾಡಿದ್ದನ್ನು ನಾನು ಕೇಳಿದೆ.

"ಐವತ್ತು ವರ್ಸ ನೀವು ತಡ್ಕಂಡಿದ್ದೀರಿ. ಇವತ್ತೊಂದೊತ್ತು ಮಾವನೋರು ಮೂಗು ಮುಚ್ಕಂಡು ಉಣ್ಲಿ."

ಮಧ್ಯಾಹ್ನ ಎಡೆ ಇಟ್ಟರು. ಬಸ್ಸಾರು, ನೆನೆದ ಕಜ್ಜಾಯ, ಚಿಕ್ಕಪ್ಪ ತಂದ ದೋಸೆ, ಒಂದೂ ಕಡಿಮೆಯಿರಲಿಲ್ಲ. ಬಾಗಿಲು ಎಳೆದುಕೊಂಡರು. ಅಪ್ಪ, ಚಿಕ್ಕಪ್ಪ, ನಾನು ಜಗಲಿಗೆ ಹೋಗಲು ಹೊರಟರೆ ಅಮ್ಮ ಅಜ್ಜಿಯ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು. ನಾವೂ ಹಿಂದೆಯೇ ಹೋದೆವು. ಅಲ್ಲಿ ಮಣೆ ಹಾಕಿ, ಎಲೆ ಹಾಸಿ, ಮುದ್ದೆ ಇಟ್ಟು, ಮೀನಿನ ಸಾರು ಬಡಿಸಿದಳು. ತಲೆಯ ತುಂಡು ಮೇಲೆ. ಅಜ್ಜಿ ಕೂರಲಿಲ್ಲ. ಅವರ ಊಟವಾಗದೆ ತಾನು ಹೇಗೆ ಉಣ್ಣಲಿ, ತಾನಿನ್ನೂ ಸತ್ತಿಲ್ಲವಲ್ಲ ಅಂದಳು. ಅಮ್ಮ ಆಕೆಯ ಭುಜ ಹಿಡಿದು ಕೂರಿಸಿದಳು. "ಅವರೂ ಒಳಗೆ ಉಣ್ತಾವ್ರೆ ಅತ್ತೆ. ಜತೇಲಿ ಉಣ್ಣಿ," ಅಂದಳು.

ಅಜ್ಜಿ ಉಣ್ಣುವುದನ್ನು ನಾನು ನೋಡಿದ್ದು ಅದೇ ಮೊದಲು. ಮೊದಲನೆಯ ತುತ್ತಿಗೆ ಕಣ್ಣು ಮುಚ್ಚಿಕೊಂಡಳು. ಆಮೇಲೆ ಆಕೆಗೆ ನಾವು ಅಲ್ಲಿದ್ದೇವೆ ಅನ್ನುವುದೇ ಮರೆತುಹೋಯಿತು. ನಡುಗುವ ಬೆರಳುಗಳಲ್ಲೇ ಮುಳ್ಳುಗಳನ್ನು ಒಂದೊಂದಾಗಿ ಬಿಡಿಸಿ ಎಲೆಯ ಅಂಚಿಗೆ ಜೋಡಿಸುತ್ತಾ, ತಲೆಯ ತುಂಡನ್ನು ಚೀಪುತ್ತಾ, ಮದುವೆಯಾಗದ ಹುಡುಗಿಯ ಹಾಗೆ ಕಾಲು ಮಡಿಸಿ ಕೂತು ಉಂಡಳು. ಮಧ್ಯೆ ಒಮ್ಮೆ ಹುಳಿ ಸಾಲದು ಅಂದಳು. ಅಪ್ಪ ಮುಖ ಆಚೆ ತಿರುಗಿಸಿಕೊಂಡು ಬಾಳೆಗಿಡವನ್ನು ನೋಡುತ್ತಾ ನಿಂತರು. ನನಗೆ ಅಳು ಬಂತು, ಖಾರಕ್ಕಲ್ಲ.

ಎಲೆ ಬಳಿದು ಮುಗಿಸಿ ಅಜ್ಜಿ ತಲೆಯೆತ್ತಿದಳು.

"ನನ್ ಎಡೆಗೆ ಮೀನಿಡಬ್ಯಾಡ ಕಣವ್ವ," ಅಂದಳು.

"ಯಾಕತ್ತೆ?"

"ಉಂಡಾಯ್ತಲ್ಲ."

ಅಮ್ಮ ಮಡಕೆಯಲ್ಲಿ ಉಳಿದಿದ್ದ ತುಂಡನ್ನು ಸೌಟಿನಲ್ಲಿ ತೆಗೆದು ಅತ್ತೆಯ ಎಲೆಗೆ ಹಾಕಿದಳು. ಅಜ್ಜಿ ಬೇಡ ಅನ್ನಲಿಲ್ಲ.